ಕಾರ್ಬನ್ ಬಾಗಿಲಿನ ಯಥಾಪ್ರತಿ

ನಾಯಿ ಕಚ್ಚುತ್ತದೆ, ಸೊಳ್ಳೆ ಕಚ್ಚುತ್ತದೆ, ಹೊಸ ಚಪ್ಪಲಿಯೂ ಕಚ್ಚುತ್ತದೆ. ಬಾಗಿಲು ಕಚ್ಚಿದ್ದನ್ನು ಮಾತ್ರ ಆ ಬೀದಿಯವರು ಅದುವರೆಗೆ ಕೇಳಿರಲಿಲ್ಲ. ಒಂದು ಸೋಮವಾರ, ಮಟಮಟ ಮಧ್ಯಾಹ್ನ ಹನ್ನೆರಡೂವರೆಗೆ, ಯಥಾಪ್ರತಿಗಳನ್ನು ಬಾಗಿಲು ಕಚ್ಚಿತು.

ಯಥಾಪ್ರತಿಗಳಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಇಪ್ಪತ್ತಾರು ವರ್ಷ ಸರ್ಕಾರಿ ಕಚೇರಿಯ ನಕಲು ವಿಭಾಗದಲ್ಲಿ ಕೂತು, ಮೂಲಕ್ಕೂ ನಕಲಿಗೂ ಒಂದು ಅರ್ಧವಿರಾಮದ ವ್ಯತ್ಯಾಸವೂ ಇಲ್ಲವೆಂದು ನೋಡಿ, ‘ಯಥಾಪ್ರತಿ’ ಎಂಬ ರಬ್ಬರ್ ಮೊಹರು ಒತ್ತುವುದು ಅವರ ಕೆಲಸ. ಮೊಹರು ಎಷ್ಟು ಒತ್ತಿದರೆಂದರೆ ಕೊನೆಗೆ ಅದು ಅವರ ಮೇಲೇ ಬಿತ್ತು. ಎದುರಿನವರ ಮಾತಿನ ಬಾಲವನ್ನು ಹಾಗೇ ತಿರುಗಿ ಹೇಳುವ ಅಭ್ಯಾಸವೂ ಅದರ ಜೊತೆಗೇ ಅಂಟಿಕೊಂಡಿತ್ತು. “ಬಿಸಿಲು ಜೋರು” ಎಂದರೆ “ಜೋರು” ಎನ್ನುವರು. “ನಿಮಗೆ ಬುದ್ಧಿ ಇಲ್ಲ” ಎಂದರೆ “ಇಲ್ಲ” ಎನ್ನುವರು. ಹೆಂಡತಿಗೆ ಇದರಿಂದ ಜಗಳವಾಡುವ ಸುಖವೇ ತಪ್ಪಿಹೋಗಿತ್ತು.

ಕಚ್ಚಿದ್ದು ಮನೆಯ ಬಾಗಿಲಲ್ಲ, ಕಾರಿನ ಬಾಗಿಲು. ಕಾರು ತೀರಿಹೋದ ಮಾವನವರದ್ದು. ಉದ್ದ ಮೂತಿ, ನೆಲಕ್ಕೆ ಅಂಟಿದಂಥ ತಗ್ಗು ಮೈ, ಎರಡೇ ಬಾಗಿಲು, ಎರಡೇ ಸೀಟು. ಐವತ್ತು ವರ್ಷದ ಹಿಂದಿನ ಓಟದ ಕಾರು. ಮಾವ ಹಲ್ಲಿನ ಡಾಕ್ಟರು. ಊರಿನ ಅರ್ಧ ಜನರ ಬಾಯಿಯೊಳಗೆ ಕೈಯಾಡಿಸಿದ ಮನುಷ್ಯ. ಕಾರು ಹತ್ತಿದ ಕೂಡಲೇ ಬಲ ಮೊಣಕೈಯನ್ನು ಬಾಗಿಲಿನ ಒಳಹೊದಿಕೆಗೆ ಊರಿ, ಉಂಗುರದ ಬೆರಳಿನಿಂದ ಎರಡು ಸಲ ಟಕ್ ಟಕ್ ಎಂದು ತಟ್ಟಿ, ಆಮೇಲೆ ಕೀಲಿ ತಿರುಗಿಸುವುದು ಅವರ ಪದ್ಧತಿ. ನಲವತ್ತು ವರ್ಷ ಊರಿ ಊರಿ, ಕಂದು ರೆಕ್ಸಿನ್ನಿನ ಆ ಹೊದಿಕೆಯಲ್ಲಿ ಒಂದು ಮೊಣಕೈ ಗುಳಿ ಬಿದ್ದಿತ್ತು. ಮಾವ ಹೋಗಿ ಮೂರು ವರ್ಷವಾದರೂ ಕಾರಿನೊಳಗೆ ಲವಂಗದ ಎಣ್ಣೆಯ ವಾಸನೆ ಹೋಗಿರಲಿಲ್ಲ.

ಇನ್ನೊಂದೂ ಹೋಗಿರಲಿಲ್ಲ. ದಿನಾ ಸಂಜೆ ಐದಕ್ಕೆ ಅತ್ತೆ ಶೆಡ್ಡಿಗೆ ಹೋಗಿ, ಬಲಗಡೆಯ ಬಾಗಿಲು ತೆರೆದು, ಧಪ್ಪನೆ ಹಾಕುತ್ತಿದ್ದರು. ಒಂದು ಗಳಿಗೆ ಮೌನ. ಆಮೇಲೆ ಬಾಗಿಲಿನ ಹೊಟ್ಟೆಯೊಳಗಿಂದ ಸ್ಪಷ್ಟವಾಗಿ: ಟಕ್ ಟಕ್. ಅತ್ತೆ ಸುತ್ತು ಬಳಸಿ ಎಡಗಡೆಯ ಸೀಟಿನಲ್ಲಿ ಕೂತು, ಗಾಜು ಏರಿಸಿಕೊಂಡು, ಅರ್ಧ ಗಂಟೆ ತುಟಿಯಾಡಿಸುವರು. ಒಮ್ಮೊಮ್ಮೆ ನಗುವರು. ಕೇಳಿದವರಿಗೆ, “ಇವರ ಹತ್ರ ಎರಡು ಮಾತಾಡಿ ಬಂದೆ” ಎನ್ನುವರು. ಆ ಅರ್ಧ ಗಂಟೆ ಯಥಾಪ್ರತಿಗಳು ಮನೆಯೊಳಗೆ ರೇಡಿಯೋ ಜೋರು ಮಾಡಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು.

ಅತ್ತೆಯ ಕಟ್ಟಪ್ಪಣೆ ಒಂದೇ ಇತ್ತು: “ಇದರ ಒಂದು ಮೊಳೆ ಕದಲಿದರೂ ನಾನು ದೊಡ್ಡ ಮಗಳ ಮನೆ ಸೇರ್ತೀನಿ.”

ಅದಕ್ಕೆ ಹೆಂಡತಿ ಸೇರಿಸಿದ ತಿದ್ದುಪಡಿಯೂ ಒಂದಿತ್ತು: “ಅಮ್ಮ ಹೋದ್ರೆ ಅಮ್ಮನ ಹಿಂದೆ ನಾನೂ. ನೀವು ನಿಮ್ಮ ಮೊಹರು ಇಟ್ಕೊಂಡು ಸಂಸಾರ ಮಾಡಿ.”

ಆ ವಾರ ತಾಯಿ ಮಗಳು ಇಬ್ಬರೂ ದೊಡ್ಡ ಮಗಳ ಮನೆಗೇ ಹೋಗಿದ್ದರು. ಬರುವುದು ಭಾನುವಾರ. ಕಾರಿನ ಕೀಲಿಕೈ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಎದುರುಮನೆಯ ಡ್ರಿಲ್ ಮೇಷ್ಟ್ರು ಎರಡು ದಿನದ ಹಿಂದೆ, “ಮನೇಲಿ ರೇಸಿನ ಕಾರು ಇಟ್ಕೊಂಡು ಬಸ್ಸಿನ ಹಿಂದೆ ಓಡೋ ಗಂಡಸು ಅಂದ್ರೆ ನೀವೊಬ್ರೇ ಕಣ್ರೀ” ಎಂದದ್ದು ಕಿವಿಯಲ್ಲಿ ತೂಗುತ್ತಿತ್ತು. ಸೋಮವಾರ ಅರ್ಧ ದಿನ ರಜೆ ಹಾಕಿ ಮನೆಗೆ ಬಂದ ಯಥಾಪ್ರತಿಗಳು ಶೆಡ್ಡಿನ ಬಾಗಿಲನ್ನು ಎದುರುಮನೆಗೆ ಕಾಣುವಷ್ಟೇ ತೆರೆದಿಟ್ಟು, ಮಾವನ ಸೀಟಿನಲ್ಲಿ ಕೂತು, ಮಾವನ ಗುಳಿಯಲ್ಲಿ ತಮ್ಮ ಮೊಣಕೈ ಊರಿದರು.

ಮಾವನ ಮೊಣಕೈ ದುಂಡಗೆ, ದಿಂಬಿನ ಹಾಗಿತ್ತು. ಅಳಿಯನದ್ದು ಕೆತ್ತಿದ ಪೆನ್ಸಿಲ್ಲು. ರೆಕ್ಸಿನ್ನಿನ ಕೆಳಗಿದ್ದ ಐವತ್ತು ವರ್ಷದ ರಟ್ಟು ಕರ್ರೆಂದಿತು. ಯಥಾಪ್ರತಿಗಳ ತೋಳು ಹೆಗಲಿನವರೆಗೆ ಬಾಗಿಲಿನೊಳಗೆ ಹೋಯಿತು.

ಒಳಗೆ ತಣ್ಣಗಿತ್ತು. ಆ ಬಿಸಿಲಿನಲ್ಲಿ ಅಷ್ಟು ತಣ್ಣಗಿರಲು ಯಾವ ಕಾರಣವೂ ಇರಲಿಲ್ಲ. ಕೈ ಹೊರಗೆಳೆಯಲು ನೋಡಿದರು. ಆಗ ಒಳಗಿದ್ದದ್ದು ಏನೋ ಅವರ ತೋರುಬೆರಳನ್ನು ಮೆಲ್ಲಗೆ ಹಿಡಿದುಕೊಂಡಿತು.

“ಮೇಷ್ಟ್ರೇ,” ಎಂದರು ಯಥಾಪ್ರತಿಗಳು, ಮನೆಯಲ್ಲಿ ಮಗು ಮಲಗಿದೆಯೇನೋ ಎಂಬಂಥ ದನಿಯಲ್ಲಿ. “ಮೇಷ್ಟ್ರೇ...”

ಡ್ರಿಲ್ ಮೇಷ್ಟ್ರು ಬಂದರು. “ಕೈ ಹೊರಗೆ ಚಾಚಬೇಡಿ ಅಂತ ಬಸ್ಸಲ್ಲಿ ಬರೆದಿರ್ತಾರೆ. ಹಾಗಂತ ಇಷ್ಟು ಒಳಗಾ?”

“ಒಳಗೆ ಯಾರೋ ಬೆರಳು ಹಿಡ್ಕೊಂಡಿದಾರೆ ಮೇಷ್ಟ್ರೇ.”

“ಯಾರು?”

“ಯಾರು ಅಂತ ಕೇಳೋ ಹೊತ್ತಾ ಇದು? ಎಳೀರಿ!”

“ಶ್ವಾಸ ಎಳೀರಿ. ಮೂರು ಅಂದಾಗ ಎಳೀತೀನಿ. ಒಂದು...” ಎಂದ ಮೇಷ್ಟ್ರು ಒಂದಕ್ಕೇ ಎಳೆದುಬಿಟ್ಟರು. ತೋಳು ಹೊರಬಂತು. ತೋರುಬೆರಳಿನ ಮೇಲೆ ಸಾಲಾಗಿ ಐದು ಕೆಂಪು ಗುರುತು. ಮೇಷ್ಟ್ರು ತೂತಿನೊಳಗೆ ಬಗ್ಗಿ ನೋಡಹೋದರು. ಕತ್ತಲಿನಿಂದ ಲವಂಗದ ವಾಸನೆ, ಯಾರೋ ಬಾಯಿ ತೆರೆದಂತೆ, ಅವರ ಮುಖಕ್ಕೆ ಬಡಿಯಿತು. ಮೂವತ್ತು ವರ್ಷ ಮಕ್ಕಳಿಗೆ ಹಿಮ್ಮೆಟ್ಟುವುದನ್ನು ಕಲಿಸಿದ್ದ ಮನುಷ್ಯ ಅಂದು ತಾವೇ ಶಿಸ್ತಾಗಿ ನಾಲ್ಕು ಹೆಜ್ಜೆ ಹಿಮ್ಮೆಟ್ಟಿ ಮನೆ ಸೇರಿಕೊಂಡರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು.

ಮೂಲೆಯ ಕ್ಲಿನಿಕ್ಕಿನ ಡಾಕ್ಟರಮ್ಮ ಬೆರಳನ್ನು ದೀಪಕ್ಕೆ ಹಿಡಿದು ನೋಡಿದರು. “ಯಾರು ಕಚ್ಚಿದ್ದು?”

“ಬಾಗಿಲು.”

“ಬಾಗಿಲಿಗೆ ಇಂಜೆಕ್ಷನ್ ಆಗಿದೆಯಾ?” ಎಂದುಬಿಟ್ಟು, ತಾವೇ ತಲೆ ಕೊಡವಿಕೊಂಡರು. “ನೋಡೀಪ್ಪಾ, ನನ್ನ ಹತ್ರ ಮುಚ್ಚಿಡಬೇಡಿ. ಇದು ಮನುಷ್ಯರ ಹಲ್ಲು. ಮನೇಲಿ ಯಾರ್ಯಾರಿದೀರಿ?”

“ಯಾರೂ ಇಲ್ಲ. ನಾನೊಬ್ನೇ.”

“ವಿಚಿತ್ರ. ಮೇಲ್ಗಡೆ ಐದು ಗುರುತು, ಕೆಳಗಡೆ ಒಂದೂ ಇಲ್ಲ. ಕೆಳದವಡೆ ಇಲ್ಲದ ಪ್ರಾಣಿ ಯಾವುದೂ ನಮಗೆ ಪಾಠಕ್ಕಿರಲಿಲ್ಲ.” ಹೀಗೆಂದು ಎರಡೂ ತೋಳಿಗೆ ಒಂದೊಂದು ಸೂಜಿ ಚುಚ್ಚಿದರು. ಯಾವುದಕ್ಕೆಂದು ಅವರಿಗೂ ಗೊತ್ತಿರಲಿಲ್ಲ.

ಮಾರನೆಯ ದಿನ ಕಚೇರಿಯ ಸೂಪರಿಂಟೆಂಡೆಂಟರು ರಜೆಯ ಅರ್ಜಿಯನ್ನು ಎರಡು ಸಲ ಓದಿದರು. “ಕಾರಣ, ಬಾಗಿಲು ಕಚ್ಚಿದ್ದು. ಏನ್ರೀ ಇದು? ಯಾವ ಬಾಗಿಲು? ಕಚೇರಿದಾದ್ರೆ ಇಲಾಖೆ ಮೇಲೆ ಬರತ್ತೆ.”

“ಕಚೇರಿದಲ್ಲ ಸಾರ್. ನಮ್ಮ ಮಾವನವರದ್ದು.”

“ಅವರು ತೀರಿಕೊಂಡು ಮೂರು ವರ್ಷ ಆಯ್ತಲ್ಲ?”

“ಆಯ್ತಲ್ಲ.”

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “‘ಕೌಟುಂಬಿಕ ಕಾರಣ’ ಅಂತ ತಿದ್ದಿ. ಭಾನುವಾರದವರೆಗೆ ರಜೆ ತಗೊಳ್ಳಿ. ಆ ಬೆರಳಲ್ಲಿ ಮಾತ್ರ ನನ್ನ ಫೈಲು ಮುಟ್ಟಬೇಡಿ.”

ಬೆರಳಿನದ್ದು ಹಾಗಿರಲಿ, ತೂತಿನ ಗತಿಯೇನು? ಭಾನುವಾರ ಅತ್ತೆ ಬಂದು ಗಂಡನ ಮೊಣಕೈಯಿದ್ದ ಜಾಗದಲ್ಲಿ ಕೈ ಹೋಗುವ ತೂತು ಕಂಡರೆ ಸಾಮಾನು ಬಿಚ್ಚುವ ಮೊದಲೇ ವಾಪಸು ರೈಲು. ಅವರ ಹಿಂದೆ ಹೆಂಡತಿ. ಈ ಲೆಕ್ಕ ಡ್ರಿಲ್ ಮೇಷ್ಟ್ರಿಗೂ ತಿಳಿದಿತ್ತು. ಅವರು ರಸ್ತೆಯ ಆಚೆಯಿಂದಲೇ ಕೂಗಿ ಹೇಳಿದರು: “ರೈಲ್ವೆ ಗೇಟಿನ ಆಚೆ ಒಬ್ಬ ಅಚ್ಚಿನ ಮೇಸ್ತ್ರಿ ಇದಾನೆ. ಅಚ್ಚು ತೆಗೆದು ಏನು ಬೇಕಾದ್ರೂ ಹಾಗ್ಹಾಗೇ ಮಾಡಿಕೊಡ್ತಾನಂತೆ. ಹೋಗಿ. ನಾನು ಜೊತೆಗೆ ಬರಲ್ಲ.”

ಅಚ್ಚಿನ ಮೇಸ್ತ್ರಿ ಎಪ್ಪತ್ತು ದಾಟಿದ ಮುದುಕ. ಮೈಯೆಲ್ಲ ಬಿಳಿ ಪುಡಿ, ರೆಪ್ಪೆಯ ಮೇಲೂ ಬಿಳಿ ಪುಡಿ. ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡದವನು. ಶೆಡ್ಡಿಗೆ ಬಂದು ಕಾರನ್ನು ನೋಡಿ, “ಡಾಕ್ಟ್ರದ್ದು” ಎಂದ. ತೂತಿನ ಹತ್ತಿರ ಮೂಗು ಒಡ್ಡಿ ಉಸಿರೆಳೆದು, “ಡಾಕ್ಟ್ರದ್ದೇ” ಎಂದ.

“ಇದು ಹಾಳಾಗಿದೆ ಅಂತ ಯಾರಿಗೂ ತಿಳೀಬಾರದು,” ಎಂದರು ಯಥಾಪ್ರತಿಗಳು.

“ರೆಕ್ಸಿನ್ ಕೆಲಸ ನಾನು ಮಾಡಲ್ಲ. ನಾನು ಮಾಡೋದು ಕಾರ್ಬನ್.”

ಯಥಾಪ್ರತಿಗಳ ಮುಖ ಅರಳಿತು. ಇಪ್ಪತ್ತಾರು ವರ್ಷ ಹಾಳೆಯ ಕೆಳಗೆ ಕಾರ್ಬನ್ ಇಟ್ಟು, ಕಾರ್ಬನ್ನಿನ ಕೆಳಗೆ ಹಾಳೆಯಿಟ್ಟು ಬದುಕಿದ ಮನುಷ್ಯನಿಗೆ ಅದಕ್ಕಿಂತ ನಂಬಿಕೆಯ ವಸ್ತು ಲೋಕದಲ್ಲಿ ಇನ್ನೊಂದಿರಲಿಲ್ಲ. “ಕಾರ್ಬನ್ನಾ! ಮೊದಲೇ ಹೇಳಬಾರದೇನ್ರೀ? ಕಾರ್ಬನ್ ಅಂದ್ಮೇಲೆ ಮೇಲಿದ್ದದ್ದು ಕೆಳಗೆ ಹಾಗೇ ಬೀಳತ್ತೆ.”

“ಬೀಳತ್ತೆ. ಕೂದಲೆಳೆ ಹೆಚ್ಚುಕಮ್ಮಿ ಆಗಲ್ಲ.”

“ಎಷ್ಟು ಪ್ರತಿ ಬರತ್ತೆ?”

“ಅಚ್ಚು ಇದ್ರೆ ಎಷ್ಟಾದ್ರೂ. ನಿಮಗೆ ಎರಡೂ ಬಾಗಿಲಿಗೆ ಒಂದೊಂದು ಸಾಕು.”

“ಒಂದೊಂದು ಸಾಕು. ಆದ್ರೆ ಯಥಾಪ್ರತಿ ಇರ್ಬೇಕು. ಇದ್ದದ್ದು ಇದ್ದ ಹಾಗೆ. ಒಂದು ಚುಕ್ಕೆ ಬಿಡಬಾರದು, ಒಂದು ಸೇರಿಸಬಾರದು.”

“ಇದ್ದದ್ದೆಲ್ಲಾನಾ?”

“ಎಲ್ಲಾನೂ.”

“ಒಳಗಿರೋದೂ?”

“ಒಳಗಿರೋದೂ.”

ಮೇಸ್ತ್ರಿ ಒಂದು ಚೀಟಿ ತೆಗೆದು ಅಷ್ಟನ್ನೂ ಬರೆದುಕೊಂಡ. “ಯೋಚನೆ ಮಾಡಿ ಹೇಳ್ತಿದೀರಾ ಸಾರ್?”

ಯಥಾಪ್ರತಿಗಳು ಉತ್ತರಕ್ಕೆ ಬದಲು ಚೀಲದಿಂದ ತಮ್ಮ ಮೊಹರು ತೆಗೆದು, ಮೇಸ್ತ್ರಿಯ ಚೀಟಿಯ ಮೇಲೆ ಒತ್ತಿಕೊಟ್ಟರು. ಮೇಸ್ತ್ರಿ ಚೀಟಿಯನ್ನು ಮಡಚಿ ಜೇಬಿಗಿಟ್ಟು, ಗಾಜಿನ ಹಿಡಿಕೆ ಬಿಚ್ಚಿ, ತಿರುಪು ಕಳಚಿ, ಎರಡು ಬಾಗಿಲಿನ ಹೊದಿಕೆಯನ್ನೂ ಚರ್ಮ ಸುಲಿದ ಹಾಗೆ ಸುಲಿದುಕೊಂಡು ಹೋದ. ತೂತಿನ ಚೂರುಗಳನ್ನು ಒಂದೊಂದಾಗಿ ಆರಿಸಿ, ಎಣಿಸಿ, ಪೊಟ್ಟಣ ಕಟ್ಟಿಕೊಂಡ.

ಬುಧವಾರ ಸಂಜೆ ಐದಕ್ಕೆ ಶೆಡ್ಡಿನಲ್ಲಿ ಅತ್ತೆ ಇರಲಿಲ್ಲ, ಬಾಗಿಲಿಗೆ ಹೊದಿಕೆಯೂ ಇರಲಿಲ್ಲ. ಆದರೂ ಗಾಳಿಗೋ ಏನೋ ಬಲಗಡೆಯ ಬಾಗಿಲು ಧಪ್ಪೆಂದಿತು. ಯಥಾಪ್ರತಿಗಳು ಅಡುಗೆಮನೆಯಲ್ಲಿ ಲೋಟ ಹಿಡಿದು ನಿಂತು ಕೇಳಿಸಿಕೊಂಡರು. ಟಕ್ ಟಕ್. ಅವರು ರೇಡಿಯೋ ಹಾಕಲು ಓಡಿದರು. ಕರೆಂಟು ಹೋಗಿತ್ತು.

ಗುರುವಾರ ಮೇಸ್ತ್ರಿಯ ಕಾರ್ಖಾನೆಗೆ ಹೋದರು. ಕಾರ್ಖಾನೆ ಎಂದರೆ ತಗಡಿನ ಒಂದು ಕೋಣೆ. ಗೋಡೆಯ ತುಂಬ ಬಿಳಿ ಅಚ್ಚುಗಳು: ಹೆಲ್ಮೆಟ್ಟು, ಯಾರದೋ ಕಾಲು, ಯಾರದೋ ಅಂಗೈ. ಮೇಜಿನ ಮೇಲೆ ಮೇಸ್ತ್ರಿ ಕಪ್ಪು ಬಟ್ಟೆಯೊಂದನ್ನು ಹಾಸುತ್ತಿದ್ದ. ಹಾವಿನ ಮೈಯಂತೆ ಚೌಕಚೌಕ ಹೆಣಿಗೆ, ಕದಲಿದರೆ ಮಿರುಗುತ್ತಿತ್ತು.

“ಇದು ಕಪ್ಪಗಿದೆಯಲ್ಲ?” ಎಂದರು ಯಥಾಪ್ರತಿಗಳು.

“ಕಾರ್ಬನ್ ಕಪ್ಪಗೇ ಇರೋದು.”

“ಹೌದ್ಹೌದು, ಕಾರ್ಬನ್ ಕಪ್ಪೇ. ಆದ್ರೆ ಪ್ರತಿ ಬೀಳೋದು ಹಾಳೆ ಮೇಲೆ ತಾನೇ? ಹಾಳೆ ಎಲ್ಲಿ?”

“ಯಾವ ಹಾಳೆ? ಇದು ಕಾರ್ಬನ್ ನೂಲಿನ ಬಟ್ಟೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಮೊಹರಿನ ಮೇಲೆ ನಿಂತಿದ್ದ ಇಪ್ಪತ್ತಾರು ವರ್ಷದ ವಿದ್ಯೆ ಯಥಾಪ್ರತಿಗಳ ಕಾಲ ಕೆಳಗಿನಿಂದ ಮೆಲ್ಲಗೆ ಜಾರಿತು.

“ಅಂದ್ರೆ... ಬಾಗಿಲು ಕಪ್ಪಗೇ ಇರತ್ತಾ? ಕಂದು ಬರಲ್ವಾ? ಬೇಡ, ಬೇಡ! ಹಳೇದೇ ಕೊಟ್ಟುಬಿಡಿ. ಗೋಂದು ಹಚ್ಚಿ ಅಂಟಿಸ್ತೀನಿ.”

ಮೇಸ್ತ್ರಿ ಮೂಲೆಯ ಮೊರವನ್ನು ತೋರಿಸಿದ. ಅದರಲ್ಲಿ ಕಂದು ಪುಡಿಯಿತ್ತು. “ಅಚ್ಚಿಂದ ಬಿಡಿಸುವಾಗ ಉದುರಿಹೋಯ್ತು. ಐವತ್ತು ವರ್ಷದ ರಟ್ಟು. ಆದ್ರೆ ಅಚ್ಚು ಸರಿಯಾಗಿ ಬಂದಿದೆ. ನೋಡಿ.”

ಅವನು ಬಟ್ಟೆಗೆ ಅಂಟು ಬಳಿದು, ಅಚ್ಚಿನ ಮೇಲೆ ಹೊದಿಸಿ, ಇಡೀ ಅಚ್ಚನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಬಾಯಿ ಬಿಗಿದು, ಪಂಪಿನ ಕೊಳವೆ ಸಿಕ್ಕಿಸಿದ. ಪಂಪು ಚೀಲದ ಗಾಳಿಯನ್ನು ಹೀರತೊಡಗಿತು. ಮಲಗಿದವರು ಉಸಿರೆಳೆಯುವ ಸದ್ದು. ಚೀಲ ಸುಕ್ಕುಗಟ್ಟಿತು, ಬಿಗಿಯಿತು. ಬಿಗಿಯುತ್ತ ಬಿಗಿಯುತ್ತ, ಕಪ್ಪು ಬಟ್ಟೆಯ ಕೆಳಗಿನಿಂದ ದುಂಡನೆಯ ಒಂದು ಮೊಣಕೈ ಮೇಲೆದ್ದು ಬಂತು.

ಬರಿಯ ಮೊಣಕೈಯಲ್ಲ. ಅಂಗಿಯ ತೋಳಿನ ಎರಡು ನೆರಿಗೆ. ಅದರ ಮುಂದೆ, ಉಂಗುರ ಬಡಿದೂ ಬಡಿದೂ ಕುಸಿದಿದ್ದ ಜಾಗದಲ್ಲಿ, ಒಂದು ಪುಟ್ಟ ಗುಬುಟು. ಮೇಜಿನ ಕೆಳಗೆ ಯಾರೋ ಮಲಗಿಕೊಂಡು ಕೈ ಮೇಲೆತ್ತಿದ್ದಾರೆ, ಇನ್ನು ಮುಖ ಬರುವುದೊಂದು ಬಾಕಿ ಎನ್ನುವ ಹಾಗೆ.

“ಗುಳಿ ಅಚ್ಚಲ್ಲಿ ಉಬ್ಬಾಗತ್ತೆ ಸಾರ್,” ಎಂದ ಮೇಸ್ತ್ರಿ. “ಕಾರಿಗೆ ಕೂರಿಸಿದಾಗ ಮತ್ತೆ ಗುಳಿ ಆಗತ್ತೆ. ಯಥಾಪ್ರತಿ.”

ಕೇಳಲು ಯಥಾಪ್ರತಿಗಳು ಅಲ್ಲಿರಲಿಲ್ಲ. ರೈಲ್ವೆ ಗೇಟಿನ ಕೀಪರು ಆಮೇಲೆ ಹೇಳಿದ ಪ್ರಕಾರ, ಗೇಟು ಮುಚ್ಚಿತ್ತು. ಅವರು ಬಗ್ಗಿ ನುಸುಳಲಿಲ್ಲ, ಹಾರಿದರು.

ಶನಿವಾರ ಬೆಳಿಗ್ಗೆ ಮೇಸ್ತ್ರಿ ಎರಡು ಕಪ್ಪು ಹೊದಿಕೆಗಳನ್ನು ತಂದು ಕೂರಿಸಿದ. ಹಗುರ, ಗಟ್ಟಿ, ಕನ್ನಡಿಯಂಥ ಹೊಳಪು. ಬಗ್ಗಿದರೆ ಅದರಲ್ಲಿ ಮುಖ ಕಾಣುತ್ತಿತ್ತು. ನಮ್ಮ ಮುಖಕ್ಕಿಂತ ತುಸು ವಯಸ್ಸಾದ ಹಾಗೆ. ಎಡದ್ದು ಆಯಿತು. ಬಲದ್ದನ್ನು ಒತ್ತುವ ಮೊದಲು ಮೇಸ್ತ್ರಿ ಹೇಳಿದ: “ಒಳಗಿದ್ದದ್ದನ್ನ ಒಳಗೇ ಇಡ್ತಿದೀನಿ ಸಾರ್. ಆಮೇಲೆ ಬಿಟ್ಟೆ ಅನ್ನಬೇಡಿ.”

“ಏನು ಒಳಗಿದ್ದದ್ದು?”

ಮೇಸ್ತ್ರಿ ಬಾಗಿಲಿನ ಹೊಟ್ಟೆಗೆ ಕೈ ಹಾಕಿ, ಹೊರತೆಗೆದು, ಅಂಗೈ ಬಿಚ್ಚಿದ. ಯಥಾಪ್ರತಿಗಳಿಗೆ ಗುಲಾಬಿ ಬಣ್ಣ ಕಂಡಿತು, ಬಿಳಿ ಬಣ್ಣ ಕಂಡಿತು. ಅಷ್ಟರಲ್ಲಿ ಕಣ್ಣು ತಾವಾಗಿ ಮುಚ್ಚಿಕೊಂಡವು.

“ಡಾಕ್ಟ್ರ ಹಲ್ಲು,” ಎಂದ ಮೇಸ್ತ್ರಿ. “ಅವರದ್ದೆಲ್ಲ ಕಟ್ಟಿಸಿದ್ದೇ. ಮಾಡಿಕೊಟ್ಟೋನು ನಾನು. ಒಂದು ಸಲ ಗಾಜು ಇಳಿಸಿ ಸೀನಿದ್ರು, ಗಾಜಿನ ಸಂದಿಗೆ ಬಿದ್ದುಹೋಯ್ತು. ಬೇರೆ ಮಾಡಿಕೊಟ್ಟೆ. ಯಾರಿಗೂ ಹೇಳ್ಬೇಡ ಅಂದ್ರು. ಹಲ್ಲಿನ ಡಾಕ್ಟ್ರಿಗೇ ಹಲ್ಲಿಲ್ಲ ಅಂದ್ರೆ ಯಾರು ಬರ್ತಾರೆ?”

“ನಮ್ಮತ್ತೆಗೆ?”

“ಅಮ್ಮಾವ್ರಿಗೂ ಗೊತ್ತಿಲ್ಲ.”

ಯಥಾಪ್ರತಿಗಳು ಕಣ್ಣು ಮುಚ್ಚಿಕೊಂಡೇ ನಗತೊಡಗಿದರು. ಹಾಗಾದರೆ ಬೆರಳು ಹಿಡಿದದ್ದು ಇದು! ಮೂರು ವರ್ಷ ಟಕ್ ಟಕ್ ಎಂದು ತಗಡಿಗೆ ಬಡಿದದ್ದು ಇದು! ದೆವ್ವವೂ ಇಲ್ಲ, ಭೂತವೂ ಇಲ್ಲ. ಮಾವನವರ ಕಟ್ಟಿಸಿದ ಹಲ್ಲು. ಧೈರ್ಯ ಬಂದದ್ದೇ ತಡ, ಅಧಿಕಾರವೂ ಬಂತು. “ತೆಗೀರಿ ಅದನ್ನ! ಸತ್ತವರ ಹಲ್ಲು ಬಾಗಿಲಲ್ಲಿಟ್ಕೊಂಡು ಯಾರಾದ್ರೂ ಸಂಸಾರ ಮಾಡ್ತಾರಾ?”

“ಯಥಾಪ್ರತಿ ಅಂದಿದ್ರಿ.”

“ಇದೊಂದು ಬಿಟ್ಟು.”

“ಒಂದು ಬಿಟ್ರೆ ಯಥಾಪ್ರತಿ ಆಗಲ್ಲ.”

“ನಾನು ಕಣ್ರೀ ಮೊಹರು ಒತ್ತೋನು! ನನಗೆ ಹೇಳ್ತೀರಾ?”

ಮೇಸ್ತ್ರಿ ಕರವಸ್ತ್ರದಲ್ಲಿ ಅದನ್ನು ಸುತ್ತಿ, ಎರಡು ಗಂಟು ಹಾಕಿ, ಯಥಾಪ್ರತಿಗಳ ಅಂಗಿಯ ಜೇಬಿಗೆ ಇಳಿಸಿ, ಹೊದಿಕೆಯನ್ನು ಒತ್ತಿದ. ಒಳಗಿನ ಕ್ಲಿಪ್ಪುಗಳು ಒಂದರ ಹಿಂದೊಂದು ಕಚಕಚನೆ ಕಚ್ಚಿಕೊಂಡವು. “ಇನ್ನು ಇದನ್ನ ತೆಗೀಬೇಕು ಅಂದ್ರೆ ಮುರಿದೇ ತೆಗೀಬೇಕು,” ಎಂದು ಹೇಳಿ ಹೊರಟುಹೋದ.

ಅವನು ಬೀದಿ ತಿರುಗಿದ ಮೇಲೆ ಯಥಾಪ್ರತಿಗಳು ಬಾಗಿಲನ್ನು ಧಪ್ಪನೆ ಹಾಕಿ ನೋಡಿದರು. ಏನೂ ಇಲ್ಲ. ಮತ್ತೆ ಹಾಕಿದರು. ಏನೂ ಇಲ್ಲ. ಆಗ ಅವರಿಗೆ ಹೊಳೆಯಿತು, ಕೆಟ್ಟ ಬುದ್ಧಿ ಮೊದಲೂ ಒಳ್ಳೆಯ ಬುದ್ಧಿ ಆಮೇಲೂ ಹೊಳೆಯುವ ಎಲ್ಲರಿಗೂ ಹೊಳೆಯುವ ಹಾಗೆ: ನಾಳೆ ಅತ್ತೆ ಬಾಗಿಲು ಹಾಕಿ ಕಾಯುವುದು ಯಾವುದಕ್ಕೆ?

ಗಂಟನ್ನು ಗಾಜಿನ ಸಂದಿಯಿಂದ ಒಳಗೆ ತೂರಿಸಲು ನೋಡಿದರು. ಮೇಸ್ತ್ರಿ ಹೊಸ ರಬ್ಬರ್ ಪಟ್ಟಿ ಕೂರಿಸಿದ್ದ, ಹಾಳೆಯೂ ಹೋಗುತ್ತಿರಲಿಲ್ಲ. ಕಾರ್ಖಾನೆಗೆ ಓಡಿದರು. ಬೀಗ. ಗಂಟನ್ನು ಮನೆಯೊಳಗಿಡಲು ಮನಸ್ಸಾಗದೆ ಕಾಂಪೌಂಡಿನ ಮೇಲಿಟ್ಟರು. ಅರ್ಧ ಗಂಟೆಗೆ ಡ್ರಿಲ್ ಮೇಷ್ಟ್ರು ಕೋಲಿನ ತುದಿಯಲ್ಲಿ ಅದನ್ನು ತೂಗಿಸಿಕೊಂಡು ಬಂದರು. “ನಿಮ್ಮದೇನೋ ಬಿದ್ದಿತ್ತು. ಲವಂಗದ ವಾಸನೆ ಬಂತು, ನಿಮ್ಮದೇ ಅಂದ್ಕೊಂಡೆ.” ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎಂಬ ಗಾದೆ ಯಥಾಪ್ರತಿಗಳಿಗೆ ನೆನಪಾಯಿತು. ಗಂಟು ಮತ್ತೆ ಜೇಬು ಸೇರಿತು.

ಭಾನುವಾರ ರೈಲು ಹೊತ್ತಿಗೆ ಮುಂಚೆ ಬಂತು. ತಡವಾಗಿ ಬರುವುದಕ್ಕೇ ಹೆಸರಾದ ರೈಲು ಅದು.

ಅತ್ತೆ ಚೀಲವನ್ನು ಜಗಲಿಯ ಮೇಲಿಟ್ಟು ನೇರ ಶೆಡ್ಡಿಗೆ ನಡೆದರು. ಹಿಂದೆ ಹೆಂಡತಿ. ಅವಳ ಹಿಂದೆ ಯಥಾಪ್ರತಿಗಳು. ಗೇಟಿನ ಹೊರಗೆ ಡ್ರಿಲ್ ಮೇಷ್ಟ್ರು, ಡಾಕ್ಟರಮ್ಮ, ಅಕ್ಕಪಕ್ಕದ ಮನೆಯ ಹೆಂಗಸರು. ಯಾರೂ ಕರೆದಿರಲಿಲ್ಲ, ಯಾರೂ ತಪ್ಪಿಸಿಕೊಂಡಿರಲಿಲ್ಲ.

ಬಾಗಿಲು ತೆರೆದ ಅತ್ತೆ ಅಲ್ಲೇ ನಿಂತರು.

“ಇದೇನು ಕರ್ರಗೆ?”

“ಕರ್ರಗೆ,” ಎಂದರು ಯಥಾಪ್ರತಿಗಳು.

“ರೀ, ಏನ್ರೀ ಮಾಡಿಟ್ಟಿದೀರಿ?” ಎಂದಳು ಹೆಂಡತಿ. “ಎಂಟು ದಿನ ಮನೆ ಬಿಟ್ಟು ಹೋದ್ರೆ ಬಾಗಿಲಿಗೆ ಮಸಿ ಬಳಿಯೋದಾ?”

ಅತ್ತೆ ಕೈಯೆತ್ತಿ ಅವಳ ಮಾತನ್ನು ನಿಲ್ಲಿಸಿದರು. ಬಗ್ಗಿ, ಆ ಕಪ್ಪು ಹೊಳಪಿನ ಮೇಲೆ ಅಂಗೈ ಸವರಿದರು. ಕೈ ಗುಳಿಯೊಳಗೆ ಇಳಿದು ನಿಂತಿತು. ಬೆರಳು ಅಂಗಿಯ ನೆರಿಗೆ ಎರಡನ್ನೂ ಮುಟ್ಟಿತು, ಮುಂದೆ ಹೋಗಿ ಉಂಗುರದ ತಗ್ಗನ್ನು ಹುಡುಕಿಕೊಂಡಿತು.

“ಇವರ ಕೈಯೇ,” ಎಂದರು ಬಹಳ ಮೆಲ್ಲಗೆ. ಆಮೇಲೆ ನೆಟ್ಟಗಾಗಿ, ಬಾಗಿಲನ್ನು ಧಪ್ಪನೆ ಹಾಕಿದರು.

ಗೇಟಿನ ಹೊರಗಿನವರೆಲ್ಲ ಕತ್ತು ಮುಂದೆ ಚಾಚಿದರು. ಒಳಗಿನಿಂದ ಸದ್ದಿಲ್ಲ.

ಇನ್ನೊಮ್ಮೆ ಹಾಕಿದರು. ಸದ್ದಿಲ್ಲ. ಕಿವಿಯನ್ನು ಬಾಗಿಲಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತರು. ಎಷ್ಟು ಹೊತ್ತು ನಿಂತರೆಂದರೆ ಗೇಟಿನ ಹೊರಗಿನವರು ಒಬ್ಬೊಬ್ಬರೇ ತಲೆ ತಗ್ಗಿಸಿದರು.

“ಹೋಗಿಬಿಟ್ಟಿದಾರೆ,” ಎಂದರು ಅತ್ತೆ. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಮಗಳ ಕಡೆ ತಿರುಗಿ, “ಚೀಲ ಬಿಚ್ಚಬೇಡ. ಮಧ್ಯಾಹ್ನದ ಗಾಡಿಗೆ ಹೊರಡ್ತೀನಿ,” ಎಂದರು.

ಹೆಂಡತಿ ಗಂಡನನ್ನು ನೋಡಿದಳು. ಅವಳ ಚೀಲವೂ ಬಿಚ್ಚಿರಲಿಲ್ಲ.

ಯಥಾಪ್ರತಿಗಳು ನಡುಗುತ್ತ ಬಾಯಿ ತೆರೆದರು. ಏನು ಹೇಳಬೇಕೆಂದಿದ್ದರೋ ಯಾರಿಗೂ ತಿಳಿಯಲಿಲ್ಲ. ಆ ಮೌನದಲ್ಲಿ, ಅವರ ಅಂಗಿಯ ಎಡ ಜೇಬಿನೊಳಗಿಂದ, ಎಲ್ಲರಿಗೂ ಕೇಳುವ ಹಾಗೆ:

ಟಕ್ ಟಕ್.

ಡ್ರಿಲ್ ಮೇಷ್ಟ್ರು ಗೇಟಿನ ಹೊರಗೆ ಸಾವಧಾನ್ ಭಂಗಿಯಲ್ಲಿ ನಿಂತುಬಿಟ್ಟರು. ಡಾಕ್ಟರಮ್ಮ, “ಎದೆಯಿಂದ ಬಂತಲ್ಲ!” ಎಂದು ಕೊರಳಿನ ಸ್ಟೆತಸ್ಕೋಪಿಗೆ ಕೈ ಹಾಕಿದವರು, ಅದನ್ನು ಇಡುವ ಧೈರ್ಯವಾಗದೆ ಹಾಗೇ ಹಿಡಿದುಕೊಂಡರು.

ಅತ್ತೆ ನಿಧಾನವಾಗಿ ಅಳಿಯನ ಹತ್ತಿರ ಬಂದರು. ಅವರ ಎದೆಯನ್ನೇ ನೋಡುತ್ತ ನಿಂತರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಮುಖದಲ್ಲಿ ಅಳಿಯನ ಪಾಲಿಗೆ ಒಂದು ನಗು ಬಂತು.

“ಬಾಗಿಲಲ್ಲಿ ಇಷ್ಟು ದಿನ ಇಕ್ಕಟ್ಟಾಗಿತ್ತೇನೋ ಪಾಪ. ನಿಮ್ಮ ಹತ್ರ ಬಂದಿದಾರೆ ಅಳಿಯಂದ್ರೇ,” ಎಂದರು. “ನಿಮ್ಮನ್ನ ಮೊದಲಿಂದ್ಲೂ ಪೆದ್ದ ಅಂತಿದ್ರು. ಆದ್ರೂ ಬಂದಿದಾರೆ ನೋಡಿ.”

“ಬಂದಿದಾರೆ,” ಎಂದರು ಯಥಾಪ್ರತಿಗಳು.

ಅತ್ತೆ ಒಳಗೆ ಹೋಗಿ ಕೀಲಿಕೈ ತಂದು ಅವರ ಕೈಗಿಟ್ಟರು. “ನಡೀರಿ. ಮೂರು ವರ್ಷ ಆಯ್ತು ಇವರ ಜೊತೆ ಒಂದು ಸುತ್ತು ಹೋಗಿ. ಈ ಬಾಗಿಲು ಮಾಡಿದವನ ಮನೆ ತೋರಿಸಿ, ನಾಲ್ಕು ಒಳ್ಳೆ ಮಾತು ಹೇಳ್ಬೇಕು.” ಹೆಂಡತಿ ತನ್ನ ಚೀಲವನ್ನೂ ಅಮ್ಮನ ಚೀಲವನ್ನೂ ಒಳಗೆ ಎತ್ತಿಕೊಂಡು ಹೋದಳು. ಇಷ್ಟಕ್ಕೆಲ್ಲ ಇದ್ದದ್ದು ಅದೊಂದೇ ತೀರ್ಪು, ಅದು ಯಥಾಪ್ರತಿಗಳ ಕಡೆ ಆಗಿತ್ತು.

ಮೂರು ವರ್ಷ ನಿಂತೇ ಇದ್ದ ಕಾರು ಒಂದೇ ಕೀಲಿಗೆ ಹೊರಟಿತು. ಯಥಾಪ್ರತಿಗಳು ಎಷ್ಟು ನಿಧಾನವಾಗಿ ಓಡಿಸಿದರೆಂದರೆ ಸೈಕಲ್ಲಿನವನೊಬ್ಬ ಪಕ್ಕಕ್ಕೆ ಬಂದು ದಾರಿ ಕೇಳಿ, ಉತ್ತರ ಪಡೆದು, ವಂದಿಸಿ, ಮುಂದೆ ಹೋದ. ಮೊಣಕೈ ಗುಳಿಯಲ್ಲಿ ಹಿತವಾಗಿ ಕೂತಿತ್ತು. ಪೆನ್ಸಿಲ್ಲು ಯಾವಾಗ ಅಷ್ಟು ದುಂಡಗಾಯಿತೆಂದು ಅವರು ನೋಡಲು ಹೋಗಲಿಲ್ಲ. ಸದ್ದಿನ ಲೆಕ್ಕ ಮಾತ್ರ ಹೊಂದಿಸಿಕೊಂಡರು: ತಾವು ನಡುಗಿದ್ದು, ಗಂಟು ಅಲುಗಿದ್ದು, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಬಡಿದದ್ದು. ಅಷ್ಟೇ. ವಿಜ್ಞಾನ.

ರೈಲ್ವೆ ಗೇಟಿನ ಆಚೆ, ಕಾರ್ಖಾನೆಯ ಎದುರು ಕಾರು ನಿಲ್ಲಿಸಿದರು. “ಇದ್ದಾನೋ ಇಲ್ಲವೋ ನೋಡಿ ಕರೀತೀನಿ, ನೀವು ಕೂತಿರಿ ಅತ್ತೇ,” ಎಂದು ತಾವೊಬ್ಬರೇ ಒಳಗೆ ಹೋಗಿ, ಮೇಸ್ತ್ರಿಯ ಮೇಜಿನ ಮೇಲೆ ಗಂಟನ್ನು ಇಟ್ಟರು.

“ಇದನ್ನ ನೀವೇ ಇಟ್ಕೊಳ್ಳಿ ಮಾರಾಯ್ರೇ. ಜೇಬಲ್ಲಿ ಕೂತು ಟಕ್ ಟಕ್ ಅಂದು ನನ್ನ ಮಾನ ಉಳಿಸ್ತು, ಆದ್ರೆ ಪ್ರಾಣ ತೆಗೀತು.”

ಮೇಸ್ತ್ರಿ ತಲೆಯೆತ್ತಿದ. “ಏನಂತು?”

“ಟಕ್ ಟಕ್. ಮೇಲಿನ ಹಲ್ಲು ಕೆಳಗಿನದಕ್ಕೆ ಬಡೀತಲ್ಲ, ಹಾಗೆ.”

ಮೇಸ್ತ್ರಿ ಗಂಟು ಬಿಚ್ಚಿದ. ಕರವಸ್ತ್ರದ ನಡುವೆ ಗುಲಾಬಿ ವಸಡು, ಬಿಳಿ ಹಲ್ಲು. ಒಂದೇ ಸಾಲು.

“ಇದು ಮೇಲಿನದು ಮಾತ್ರ ಸಾರ್. ಸೀನಿದಾಗ ಬಿದ್ದದ್ದು ಇದೊಂದೇ. ಕೆಳಗಿನದು ಅವರ ಬಾಯಲ್ಲೇ ಇತ್ತು. ಅದನ್ನ ಹಾಕ್ಕೊಂಡೇ ಹೋದ್ರು.” ಅವನು ಹಲ್ಲನ್ನು ಬಟ್ಟೆಯ ಮೇಲೆ ಅಲುಗಿಸಿ ತೋರಿಸಿದ. ಹತ್ತಿಯ ಮೇಲೆ ಹತ್ತಿಯಿಟ್ಟ ಹಾಗೆ, ಸದ್ದೇ ಇಲ್ಲ. “ಒಂದೇ ಕೈಯಲ್ಲಿ ಚಪ್ಪಾಳೆ ಆಗತ್ತಾ?”

“ಆಗತ್ತಾ,” ಎಂದರು ಯಥಾಪ್ರತಿಗಳು. ತೋರುಬೆರಳಿನ ಐದು ಗುರುತು ಚುರುಗುಟ್ಟಿದವು.

ಹೊರಗೆ ಕಾರಿನ ಬಲಬಾಗಿಲು ಧಪ್ಪೆಂದಿತು. ಅದನ್ನು ಹಾಕಿಯೇ ಬಂದಿದ್ದೆನಲ್ಲ ಎಂದು ಅವರು ಅಂದುಕೊಳ್ಳುವಷ್ಟರಲ್ಲಿ, ಒಳ್ಳೆಯ ಬಿಸಿಲಿನಲ್ಲಿ, ಅಷ್ಟು ದೂರಕ್ಕೂ ಸ್ಪಷ್ಟವಾಗಿ: ಟಕ್ ಟಕ್.

ಯಥಾಪ್ರತಿಗಳು ಕಾರ್ಖಾನೆಯ ಬಾಗಿಲಿನ ಸಂದಿಯಿಂದ ಇಣುಕಿದರು. ಎಡಗಡೆಯ ಸೀಟಿನಲ್ಲಿ ಅತ್ತೆ ಬಲಕ್ಕೆ ತಿರುಗಿ ಕೂತು, ಕೈಯಾಡಿಸುತ್ತ ಏನೋ ಹೇಳಿ ನಗುತ್ತಿದ್ದರು. ಮಾತಿನ ನಡುವೆ ಕಾರ್ಖಾನೆಯ ಕಡೆ ನೋಡಿ, “ಬೇಗ ಬನ್ನೀ ಅಳಿಯಂದ್ರೇ, ಇವರಿಗೆ ಕಾಯೋದು ಅಂದ್ರೆ ಆಗಲ್ಲ!” ಎಂದು ಕೂಗಿದರು.

ಯಥಾಪ್ರತಿಗಳು ಕಾರಿನ ಸೀಟುಗಳನ್ನು ಎಣಿಸಿದರು. ಎರಡೇ ಇದ್ದವು. ಮತ್ತೊಮ್ಮೆ ಎಣಿಸಿ, ಹೆಚ್ಚುಕಮ್ಮಿ ಇಲ್ಲವೆಂದು ಖಾತ್ರಿಯಾದ ಮೇಲೆ, ಮೇಸ್ತ್ರಿಯ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದರು:

“ಇಲ್ಲಿಂದ ನಮ್ಮ ಬೀದಿಗೆ ಬಸ್ಸು ಎಷ್ಟು ಹೊತ್ತಿಗೆ?”